ವಿಶಾಲಕೋನದ ಮಧ್ಯಮ ಅಳತೆ ಫಿಲ್ಮ್ ಕ್ಯಾಮೆರಾಗಳು ಮತ್ತು ಲೆನ್ಸ್ ಬದಲಾವಣೆ

120 ಎಂಬ ಸಂಖ್ಯೆಯ ಸುರುಳಿ ಫಿಲ್ಮಿನ ಮೇಲೆ ವಿಶಾಲ ನೋಟವನ್ನು ಹಿಡಿಯಲೆಂದೇ ಕಟ್ಟಿದ ಕ್ಯಾಮೆರಾಗಳ ಒಂದು ಸಣ್ಣ ಕುಲವಿದೆ. 1950ರ ದಶಕದಲ್ಲಿ ರೂಪ ತಳೆದ ಇವು ಡಿಜಿಟಲ್ ಕ್ಯಾಮೆರಾ ಬರುವವರೆಗೂ ಕಟ್ಟಡ, ಕಾರ್ಖಾನೆ, ಭೂದೃಶ್ಯಗಳ ಚಿತ್ರಣದಲ್ಲಿ ದುಡಿದವು. ಈಗ ಹೆಚ್ಚಾಗಿ ಹವ್ಯಾಸಿಗಳ ಕೈಯಲ್ಲಿವೆ. ಹೊಸದಾಗಿ ಕೊಂಡವರು ಬೇಗನೆ ಕೇಳುವ ಪ್ರಶ್ನೆ, ಇದಕ್ಕೆ ಬೇರೆ ಲೆನ್ಸ್ ಹಾಕಬಹುದೆ ಎಂಬುದು. ಕೆಲವು ಮಾದರಿಗಳಲ್ಲಿ ಒಂದು ಗುಂಡಿ ಒತ್ತಿದರೆ ಲೆನ್ಸ್ ಕೈಗೆ ಬರುತ್ತದೆ. ಕೆಲವದರಲ್ಲಿ ರಿಪೇರಿಯವರ ಮೇಜಿನ ಮೇಲಲ್ಲದೆ ಬೇರೆಲ್ಲೂ ಬರುವುದಿಲ್ಲ. ಈ ವ್ಯತ್ಯಾಸ ತಯಾರಕರ ಮರ್ಜಿಯಿಂದ ಬಂದದ್ದಲ್ಲ. ವಿಶಾಲಕೋನದ ಲೆನ್ಸ್ ಫಿಲ್ಮಿಗೆ ತೀರ ಹತ್ತಿರ ಕೂರಬೇಕು, ಆ ದೂರ ಕೂದಲೆಳೆಯಷ್ಟೂ ತಪ್ಪಬಾರದು. ಕ್ಯಾಮೆರಾದ ಉಳಿದ ರಚನೆಯೆಲ್ಲ ಈ ಒಂದು ಅಗತ್ಯಕ್ಕೆ ತಲೆಬಾಗಿದೆ.

ಫಿಲ್ಮಿನ ಅಳತೆ ಮತ್ತು ನೋಟದ ಕೋನ

ಕೊಡಾಕ್ ಕಂಪನಿ 1901ರಲ್ಲಿ ತನ್ನ 2ನೇ ನಂಬರಿನ ಬ್ರೌನಿ ಕ್ಯಾಮೆರಾಕ್ಕಾಗಿ 120 ಫಿಲ್ಮನ್ನು ಹೊರತಂದಿತು. ಹಿಂಬದಿಗೆ ಕಾಗದವಿರುವ, ಸುಮಾರು 6 ಸೆಂ.ಮೀ. ಅಗಲದ ಈ ಸುರುಳಿ ಭಾರತದ ಮನೆಗಳಿಗೂ ಪರಿಚಿತ. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್‌ಫಾ ಕ್ಲಿಕ್ 3 ಡಬ್ಬಿ ಕ್ಯಾಮೆರಾಕ್ಕೂ, ಊರೂರಿನ ಸ್ಟುಡಿಯೊಗಳಲ್ಲಿದ್ದ ಎರಡು ಕಣ್ಣಿನ ಯಾಶಿಕಾಕ್ಕೂ ಹಾಕುತ್ತಿದ್ದುದು ಇದನ್ನೇ. ಒಂದೇ ಫಿಲ್ಮಿನಲ್ಲಿ ಹಲವು ಅಳತೆಯ ಚಿತ್ರ ತೆಗೆಯಬಹುದು. 6×6 ಎಂದು ಕರೆಯುವ ಚೌಕದ ನಿಜವಾದ ಅಳತೆ 56×56 ಮಿ.ಮೀ.; ಅದರ ಕರ್ಣ 79 ಮಿ.ಮೀ. 6×7ರ ಕರ್ಣ ಸುಮಾರು 89, 6×9ರದು ಸುಮಾರು 101 ಮಿ.ಮೀ.

ಲೆನ್ಸಿನ ಸಂಗಮದೂರ ಈ ಕರ್ಣಕ್ಕೆ ಸಮನಾಗಿದ್ದರೆ ನೋಟ ಸಹಜ ಅನ್ನಿಸುತ್ತದೆ. ಕರ್ಣದ ಅರ್ಧಕ್ಕಿಳಿದರೆ ಕೋನ ಸುಮಾರು 90 ಡಿಗ್ರಿ ತಲುಪುತ್ತದೆ. 6×6ಕ್ಕೆ 38, 6×7ಕ್ಕೆ 43, 6×9ಕ್ಕೆ 47 ಮಿ.ಮೀ. ಲೆನ್ಸ್‌ಗಳು ಇದೇ ಲೆಕ್ಕದವು. 35 ಮಿ.ಮೀ. ಕ್ಯಾಮೆರಾ ಬಳಸಿ ರೂಢಿಯಿದ್ದವರು ಈ ಮೂರನ್ನೂ 20–21 ಮಿ.ಮೀ. ಲೆನ್ಸಿನ ನೋಟ ಎಂದುಕೊಂಡರೆ ಹೆಚ್ಚು ತಪ್ಪಿಲ್ಲ. 6×9ರಲ್ಲಿ 65 ಮಿ.ಮೀ. ಲೆನ್ಸ್ 28ಕ್ಕೆ ಸಮ.

ಎರಡು ಬಗೆಯ ಲೆನ್ಸ್

ವಿಶಾಲಕೋನದ ಲೆನ್ಸ್‌ಗಳಲ್ಲಿ ಎರಡು ಮನೆತನಗಳಿವೆ. ಮೊದಲನೆಯದು ಸಮಮಿತಿಯದು: ಷಟರಿನ ಮುಂದೆ ಒಂದು ಗಾಜಿನ ಗುಂಪು, ಹಿಂದೆ ಹೆಚ್ಚುಕಡಿಮೆ ಅದರ ಪ್ರತಿಬಿಂಬದಂಥ ಇನ್ನೊಂದು. ಗೋರ್ಟ್ಸ್ ಕಂಪನಿಗಾಗಿ ಎಮಿಲ್ ಫಾನ್ ಹೋಗ್ 1900ರಲ್ಲಿ ರೂಪಿಸಿದ ಹೈಪರ್ಗಾನ್ ಈ ಮನೆತನದ ಹಿರಿಯ. ಅದರಲ್ಲಿದ್ದುದು ಅರ್ಧಗೋಳಕ್ಕೆ ಹತ್ತಿರದ ಎರಡೇ ತೆಳು ಗಾಜು. ಕೋನ ಮಾತ್ರ ಸುಮಾರು 135 ಡಿಗ್ರಿ. ಅಷ್ಟು ಅಗಲ ನೋಡಿದರೆ ಚಿತ್ರದ ನಡುವೆ ಬೆಳಕು ಸುರಿದು ಅಂಚು ಕತ್ತಲಾಗುತ್ತದೆ. ಅದಕ್ಕೆ ಹೂಡಿದ್ದ ಉಪಾಯ ಸೊಗಸಾದದ್ದು: ಲೆನ್ಸಿನ ಮುಂದೆ ನಕ್ಷತ್ರಾಕಾರದ ಪುಟ್ಟ ಚಕ್ರವಿಟ್ಟು, ರಬ್ಬರ್ ಬುರುಡೆ ಒತ್ತಿ ಗಾಳಿಯಿಂದ ಅದನ್ನು ತಿರುಗಿಸುವುದು. ತಿರುಗುವ ನಕ್ಷತ್ರ ನಡುಭಾಗದ ಬೆಳಕನ್ನು ತಡೆಯುತ್ತಿತ್ತು. ಸಾಕಷ್ಟು ಹೊತ್ತಾದ ಮೇಲೆ ಚಕ್ರವನ್ನು ಬದಿಗೆ ಸರಿಸಿ ಚಿತ್ರಣ ಮುಗಿಸುತ್ತಿದ್ದರು.

ಝೈಸ್‌ನ ರಾಬರ್ಟ್ ರಿಕ್ಟರ್ 1930ರ ದಶಕದಲ್ಲಿ ರೂಪಿಸಿದ ಟೊಪೊಗಾನ್ ವಿಮಾನದಿಂದ ನೆಲದ ನಕ್ಷೆ ತೆಗೆಯುವ ಕೆಲಸಕ್ಕೆ ಬಂತು. 1940ರ ದಶಕದಲ್ಲಿ ಸೋವಿಯತ್ ವಿನ್ಯಾಸಕಾರ ಮಿಖಾಯಿಲ್ ರೂಸಿನೊವ್ ಎರಡೂ ತುದಿಯಲ್ಲಿ ದೊಡ್ಡ ಬಾಗಿದ ಋಣ ಮಸೂರಗಳನ್ನಿಟ್ಟು ಅಂಚಿಗೆ ಹೆಚ್ಚು ಬೆಳಕು ಹಾಯಿಸುವ ದಾರಿ ತೋರಿಸಿದ. ಸೋನಾರ್ ಲೆನ್ಸಿನಿಂದ ಆಗಲೇ ಹೆಸರಾಗಿದ್ದ ಲುಡ್ವಿಗ್ ಬರ್ಟೆಲೆ ಇದೇ ಜಾಡಿನಲ್ಲಿ ಸಾಗಿ 1950ರ ದಶಕದ ಆರಂಭದಲ್ಲಿ ಬಯೊಗಾನ್ ರೂಪಿಸಿದ. ಷ್ನೈಡರ್ ಕಂಪನಿಯ ಸೂಪರ್ ಆಂಗುಲಾನ್ ಕೂಡ ಇದೇ ಸಂತತಿ. ಇವುಗಳ ದೊಡ್ಡ ಗುಣವೆಂದರೆ ನೇರ ಗೆರೆ ನೇರವಾಗಿಯೇ ಉಳಿಯುವುದು. ಕಂಬ, ಕಿಟಕಿ, ಗೋಡೆಯ ಅಂಚು ಚಿತ್ರದ ತುದಿಯಲ್ಲೂ ಸೊಟ್ಟಗಾಗುವುದಿಲ್ಲ. ಬೆಲೆಯಾಗಿ ತೆರಬೇಕಾದದ್ದು ಜಾಗ: ಹಿಂದಿನ ಗಾಜು ಫಿಲ್ಮಿನ ಸಮೀಪಕ್ಕೆ ಚಾಚಿಕೊಂಡಿರುತ್ತದೆ. ನಡುವೆ ಕನ್ನಡಿ ಮೇಲೆದ್ದು ಇಳಿಯಲು ಎಡೆಯಿಲ್ಲ.

ಕನ್ನಡಿಯಿರುವ ರಿಫ್ಲೆಕ್ಸ್ ಕ್ಯಾಮೆರಾಗಳಿಗಾಗಿ ಎರಡನೆಯ ಮನೆತನ ಬಂತು. ಮುಂಭಾಗದಲ್ಲಿ ಬಲವಾದ ಋಣ ಗುಂಪನ್ನಿಟ್ಟು ಬಿಂಬವನ್ನು ಹಿಂದಕ್ಕೆ ತಳ್ಳುವ ಈ ರಚನೆಗೆ ರೆಟ್ರೊಫೋಕಸ್ ಎಂದು ಹೆಸರು. ಹ್ಯಾಸೆಲ್‌ಬ್ಲಾಡ್‌ನಲ್ಲಿ ಲೆನ್ಸ್ ಕೂರುವ ಅಂಚಿನಿಂದ ಫಿಲ್ಮಿಗೆ 74.9 ಮಿ.ಮೀ. ದೂರವಿದೆ, ಪೆಂಟಕಾನ್ ಸಿಕ್ಸ್‌ನಲ್ಲಿ 74.1, ಪೆಂಟಾಕ್ಸ್ 67ರಲ್ಲಿ ಸುಮಾರು 85. ಅಷ್ಟು ದೂರದಿಂದ 40 ಅಥವಾ 50 ಮಿ.ಮೀ. ಲೆನ್ಸ್ ಕೆಲಸ ಮಾಡಬೇಕಾದರೆ ಗಾಜು ಹೆಚ್ಚಬೇಕು, ಮೈ ಉಬ್ಬಬೇಕು. ಹ್ಯಾಸೆಲ್‌ಬ್ಲಾಡ್‌ನ ಹಳೆಯ 40 ಮಿ.ಮೀ. ಡಿಸ್ಟಗಾನ್ ಒಂದು ಕಿಲೊಗೂ ಮೀರಿ ತೂಗುತ್ತದೆ.

ಲೆನ್ಸ್ ಕಳಚದ ಕ್ಯಾಮೆರಾಗಳು

ಹ್ಯಾಸೆಲ್‌ಬ್ಲಾಡ್ ಕಂಪನಿ 1954ರಲ್ಲಿ ಕನ್ನಡಿಯನ್ನೇ ಕೈಬಿಟ್ಟು, 38 ಮಿ.ಮೀ. ಎಫ್/4.5 ಬಯೊಗಾನ್ ಸುತ್ತ ತೆಳ್ಳಗಿನ ಒಡಲು ಕಟ್ಟಿತು. ಮೇಲೊಂದು ಬಿಡಿ ವ್ಯೂಫೈಂಡರ್, ಮಟ್ಟ ನೋಡಲು ಗುಳ್ಳೆ, ಹಿಂದೆ ಉಳಿದ ಹ್ಯಾಸೆಲ್‌ಬ್ಲಾಡ್‌ಗಳದೇ ಫಿಲ್ಮ್ ಮ್ಯಾಗಜಿನ್. 1959ರಲ್ಲಿ ಸೂಪರ್ ವೈಡ್ ಸಿ, 1980ರಲ್ಲಿ ಎಸ್‌ಡಬ್ಲ್ಯುಸಿ/ಎಂ, 1988ರಲ್ಲಿ 903, 2001ರಲ್ಲಿ 905 ಎಂದು ಹೆಸರು ಬದಲಾದರೂ ಸೂತ್ರ ಬದಲಾಗಲಿಲ್ಲ. ಮ್ಯಾಗಜಿನ್ ಬದಲಿಸಬಹುದು, ಲೆನ್ಸ್ ಬದಲಿಸಲಾಗದು. ಅಮೆರಿಕದ ಛಾಯಾಗ್ರಾಹಕ ಲೀ ಫ್ರೀಡ್‌ಲ್ಯಾಂಡರ್ ದಶಕಗಳ ಕಾಲ 35 ಮಿ.ಮೀ. ಕ್ಯಾಮೆರಾ ಹಿಡಿದವನು, 1990ರ ದಶಕದಲ್ಲಿ ಇದಕ್ಕೆ ಹೊರಳಿದ. 1969ರಲ್ಲಿ ಚಂದ್ರನ ಮೇಲಿಳಿದ ಅಪೊಲೊ 11ರವರು ಬಳಸಿದ ಹ್ಯಾಸೆಲ್‌ಬ್ಲಾಡ್‌ನಲ್ಲಿ ಇದ್ದುದೂ ಒಂದು ಬಯೊಗಾನ್, 60 ಮಿ.ಮೀ. ಎಫ್/5.6. ಆ ಕ್ಯಾಮೆರಾದಲ್ಲೂ ಕನ್ನಡಿ ಇರಲಿಲ್ಲ. ಚಂದ್ರನ ಚಿತ್ರಗಳ ಮೇಲೆ ಕಾಣುವ ಸಣ್ಣ ಕೂಡುಗೆರೆಗಳು ಫಿಲ್ಮಿನ ಮುಂದಿದ್ದ ಗಾಜಿನ ಫಲಕದವು.

ಫ್ರಾಂಕ್‌ಫರ್ಟಿನ ಪ್ಲಾಬೆಲ್ ತಯಾರಿಸಿದ ವೆರಿವೈಡ್ 100ರಲ್ಲಿ 47 ಮಿ.ಮೀ. ಎಫ್/8 ಸೂಪರ್ ಆಂಗುಲಾನ್ ಇತ್ತು. ಹೆಸರಿನ ನೂರು ಅದರ ಕೋನವನ್ನು ಹೇಳುತ್ತದೆ. ಅದೇ ಹೆಸರಿನ ಕಂಪನಿ ಮುಂದೆ 69ಡಬ್ಲ್ಯು ಪ್ರೊಶಿಫ್ಟ್‌ನಲ್ಲಿ 47 ಮಿ.ಮೀ. ಎಫ್/5.6 ಲೆನ್ಸನ್ನು ಮೇಲೆ, ಕೆಳಗೆ, ಪಕ್ಕಕ್ಕೆ ಸರಿಸುವ ಅನುಕೂಲ ಕೊಟ್ಟಿತು. ಫ್ಯೂಜಿಯ ಕಥೆ ಇನ್ನೂ ಕುತೂಹಲದ್ದು. 1968ರ ಜಿ690 ಕ್ಯಾಮೆರಾಕ್ಕೆ 50 ಮತ್ತು 65 ಮಿ.ಮೀ. ಸೇರಿದಂತೆ ಹಲವು ಬದಲಿ ಲೆನ್ಸ್‌ಗಳಿದ್ದವು. ಒಂದು ದಶಕದ ಬಳಿಕ ಕಂಪನಿ ಹಿಂದೆ ಸರಿದು, 1978ರಲ್ಲಿ 90 ಮಿ.ಮೀ. ಲೆನ್ಸ್ ಅಂಟಿಕೊಂಡೇ ಇರುವ ಜಿಡಬ್ಲ್ಯು690, 1980ರಲ್ಲಿ 65 ಮಿ.ಮೀ. ಲೆನ್ಸಿನ ಜಿಎಸ್‌ಡಬ್ಲ್ಯು690 ಎಂದು ಎರಡು ಬೇರೆ ಕ್ಯಾಮೆರಾಗಳನ್ನೇ ಮಾರತೊಡಗಿತು. ಜೋಡಣೆಯ ಭಾಗ ಕಡಿಮೆಯಾದಷ್ಟೂ ತಪ್ಪುವ ಅಳತೆಯೂ ಕಡಿಮೆ. ಅಗಲವಾದ ಒಂದೇ ನೋಟ ಸಾಕೆನ್ನುವವರಿಗೆ ಈ ಕುಲದಲ್ಲಿ ಇಂಥ ಅಚಲ ಕ್ಯಾಮೆರಾಗಳೇ ಉತ್ತಮ ಎಂಬುದು ಈ ಲೇಖನದ ನಿಲುವು.

ಬದಲಿಸಲೆಂದೇ ಮಾಡಿದವು

ಬದಲಿ ಲೆನ್ಸಿನ ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳ ಷಟರ್ ಲೆನ್ಸಿನೊಳಗೇ ಇರುತ್ತದೆ. ಲೆನ್ಸ್ ಕಳಚಿದೊಡನೆ ಷಟರ್ ಕೂಡ ಹೋಯಿತು. ಫಿಲ್ಮ್ ಬೆಳಕಿಗೆ ಬತ್ತಲೆ. ಹಾಗಾಗಿ ಪ್ರತಿ ವ್ಯವಸ್ಥೆಯೂ ಫಿಲ್ಮನ್ನು ಕಾಯಲು ತನ್ನದೇ ಬಾಗಿಲು ಹುಡುಕಿಕೊಂಡಿದೆ.

1960ರಲ್ಲಿ ಬಂದ ಮಮಿಯಾ ಪ್ರೆಸ್, 1969ರ ಮಮಿಯಾ ಯೂನಿವರ್ಸಲ್‌ಗಳಲ್ಲಿ ಈ ಬಾಗಿಲು ಡಾರ್ಕ್ ಸ್ಲೈಡ್, ಅಂದರೆ ಫಿಲ್ಮ್ ಬ್ಯಾಕಿನ ಮುಂದೆ ತೂರಿಸುವ ಲೋಹದ ತಗಡು. ತಗಡು ತೂರಿಸಿ, ಲೆನ್ಸಿನ ಸುತ್ತಲಿನ ಉಂಗುರ ಸಡಿಲಿಸಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ, ಉಂಗುರ ಬಿಗಿದು, ತಗಡು ಎಳೆದರೆ ಮುಗಿಯಿತು. 50 ಮತ್ತು 65 ಮಿ.ಮೀ. ಎಫ್/6.3 ಲೆನ್ಸ್‌ಗಳು ಈ ಸಾಲಿನ ವಿಶಾಲಕೋನಗಳು. ಎರಡೂ ರೇಂಜ್‌ಫೈಂಡರಿಗೆ, ಅಂದರೆ ಕ್ಯಾಮೆರಾದ ದೂರ ಅಳೆಯುವ ಸಾಧನಕ್ಕೆ, ಹೊಂದಿಕೊಂಡು ಫೋಕಸ್ ಆಗುತ್ತವೆ. 50ರ ನೋಟಕ್ಕೆ ಮೇಲೆ ಬೇರೆ ವ್ಯೂಫೈಂಡರ್ ಸಿಕ್ಕಿಸಬೇಕು.

ಫ್ಯೂಜಿ ಜಿ690, ಮುಂದೆ 1989ರ ಮಮಿಯಾ 6, 1995ರ ಮಮಿಯಾ 7 ತಗಡಿನ ಬದಲು ಒಡಲಿನೊಳಗೇ ಪರದೆ ಇಟ್ಟುಕೊಂಡವು. ಮಮಿಯಾ 7ರಲ್ಲಿ ತಳದ ತಿರುಪು ತಿರುಗಿಸಿ ಪರದೆ ಮುಚ್ಚಿದರೆ ಮಾತ್ರ ಲೆನ್ಸ್ ಬಿಡುತ್ತದೆ, ಮುಚ್ಚಿರುವವರೆಗೆ ಷಟರ್ ಗುಂಡಿ ಅಲುಗುವುದಿಲ್ಲ. ಮರೆಗುಳಿಗಳನ್ನು ಗಮನದಲ್ಲಿಟ್ಟು ಮಾಡಿದ ಏರ್ಪಾಡು. ಅದರ 43 ಮಿ.ಮೀ. ಎಫ್/4.5 ಲೆನ್ಸ್ ಬಯೊಗಾನ್ ಮಾದರಿಯದು. ಕಳಚಿದ ಕೂಡಲೆ ಹಿಂಬದಿಯ ಮುಚ್ಚಳ ಹಾಕಬೇಕು, ಏಕೆಂದರೆ ಹೊರಚಾಚಿದ ಹಿಂದಿನ ಗಾಜು ಮೇಜಿಗೆ ಮೊದಲು ತಾಕುತ್ತದೆ.

1957ರ ಹ್ಯಾಸೆಲ್‌ಬ್ಲಾಡ್ 500ಸಿ ಮತ್ತು ಅದರ ವಂಶದವು ಬೇರೆ ದಾರಿ ಹಿಡಿದವು. ಷಟರ್ ಲೆನ್ಸಿನಲ್ಲೇ ಇದ್ದರೂ, ಒಡಲಿನ ಹಿಂಭಾಗದಲ್ಲಿ ಎರಡು ರೆಕ್ಕೆಗಳು ಮುಚ್ಚಿಕೊಂಡು ಫಿಲ್ಮನ್ನು ಕಾಯುತ್ತವೆ. ತೊಡಕು ಇನ್ನೊಂದು ಕಡೆ. ಕ್ಯಾಮೆರಾ, ಲೆನ್ಸ್ ಎರಡರ ಸ್ಪ್ರಿಂಗೂ ಬಿಗಿದಿರುವಾಗ ಮಾತ್ರ ಲೆನ್ಸ್ ತೆಗೆಯಬೇಕು, ಹಾಕಬೇಕು. ಹೊರಗಿರುವ ಲೆನ್ಸಿನ ಸ್ಪ್ರಿಂಗ್ ಬಿಟ್ಟುಹೋಗಿದ್ದರೆ ಅದರ ಹಿಂಬದಿಯ ಸೀಳಿಗೆ ನಾಣ್ಯ ಅಥವಾ ಸ್ಕ್ರೂಡ್ರೈವರ್ ಕೊಟ್ಟು ತಿರುಗಿಸಿ ಬಿಗಿಯಬಹುದು. ಕ್ಯಾಮೆರಾದ ಮೇಲಿದ್ದಾಗಲೇ ಎರಡರ ತಾಳ ತಪ್ಪಿದರೆ ಲೆನ್ಸ್ ಸಿಕ್ಕಿಕೊಳ್ಳುತ್ತದೆ. ಆಗ ಮ್ಯಾಗಜಿನ್ ತೆಗೆದು, ಹಿಂದಿನ ರೆಕ್ಕೆಗಳ ನಡುವೆ ಉದ್ದನೆಯ ಸ್ಕ್ರೂಡ್ರೈವರ್ ತೂರಿಸಿ ಆ ಸೀಳನ್ನು ತಿರುಗಿಸುವುದು ಬಳಕೆದಾರರೆಲ್ಲ ಬಲ್ಲ ಮದ್ದು. ಬಲಪ್ರಯೋಗ ಮಾತ್ರ ಸಲ್ಲದು.

ರೇಂಜ್‌ಫೈಂಡರಿನ ಲೆಕ್ಕವೂ ಸಣ್ಣದಲ್ಲ. ಲೆನ್ಸಿನ ಮೇಲೆ ಕೆತ್ತಿದ ಸಂಗಮದೂರ ಅಂದಾಜಿನದು. ಒಂದೇ ಮಾದರಿಯ ಎರಡು ಲೆನ್ಸ್‌ಗಳ ನಡುವೆಯೂ ಚೂರು ವ್ಯತ್ಯಾಸ ಇರುತ್ತದೆ. ಲಿನ್‌ಹಾಫ್ ಟೆಕ್ನಿಕಾ ಕ್ಯಾಮೆರಾಗಳಲ್ಲಿ ಲೆನ್ಸಿನ ಚಲನೆಯನ್ನು ರೇಂಜ್‌ಫೈಂಡರಿಗೆ ಮುಟ್ಟಿಸಲು ಪ್ರತಿ ಲೆನ್ಸಿಗೂ ಅದಕ್ಕೆಂದೇ ಅರೆದ ಲೋಹದ ಕ್ಯಾಮ್ ಇರುತ್ತಿತ್ತು, ಅದರ ಮೇಲೆ ಆ ಲೆನ್ಸಿನ ಸರಣಿ ಸಂಖ್ಯೆ. ಹಳೆಯ ಟೆಕ್ನಿಕಾ ಕೊಳ್ಳುವವರು ಲೆನ್ಸ್ ಮತ್ತು ಕ್ಯಾಮ್‌ಗಳ ಸಂಖ್ಯೆ ತಾಳೆಯಾಗುತ್ತದೆಯೆ ಎಂದು ನೋಡಬೇಕು. ಆಗದಿದ್ದರೆ ರೇಂಜ್‌ಫೈಂಡರನ್ನು ನಂಬದೆ ಮಬ್ಬುಗಾಜಿನ ಮೇಲೆ ಫೋಕಸ್ ಮಾಡುವುದೇ ಕ್ಷೇಮ.

ಬೇರೆ ಲೆನ್ಸ್ ಕೂರಿಸುವುದು

ಮೂಲ ಲೆನ್ಸ್ ಕೆಟ್ಟಾಗ ಅಥವಾ ಇನ್ನೂ ಅಗಲದ ನೋಟ ಬೇಕೆನಿಸಿದಾಗ, ತಯಾರಕರು ಯೋಚಿಸದ ಲೆನ್ಸನ್ನು ಕೂರಿಸುವ ಕಸುಬುಗಾರಿಕೆಯೂ ಹಳೆಯದೇ. ಇದಕ್ಕೆ ಒದಗುವುದು ಹೆಚ್ಚಾಗಿ ಸೂಪರ್ ಆಂಗುಲಾನ್‌ನಂಥ, ದೊಡ್ಡ ಶೀಟ್ ಫಿಲ್ಮ್ ಕ್ಯಾಮೆರಾಗಳಿಗಾಗಿ ಮಾಡಿದ ಲೆನ್ಸ್‌ಗಳು. ಅವುಗಳ ಮುಂದಿನ, ಹಿಂದಿನ ಗಾಜಿನ ಗುಂಪುಗಳು ಷಟರಿಗೆ ಎರಡೂ ಕಡೆಯಿಂದ ತಿರುಪಿನಂತೆ ಕೂರುತ್ತವೆ. ಒಂದು ಲೆನ್ಸಿನ ಮುಂಭಾಗಕ್ಕೆ ಇನ್ನೊಂದರ ಹಿಂಭಾಗ ಸೇರಿಸಕೂಡದು. ಗುಂಪಿಗೂ ಷಟರಿಗೂ ನಡುವೆ ತೆಳುವಾದ ಹಿತ್ತಾಳೆ ಬಳೆ ಸಿಕ್ಕರೆ ಅದನ್ನು ಎಸೆಯಕೂಡದು; ಎರಡು ಗುಂಪುಗಳ ಅಂತರವನ್ನು ಕಾರ್ಖಾನೆಯಲ್ಲಿ ಸರಿಪಡಿಸಿದ್ದೇ ಆ ಬಳೆಯಿಂದ. ಕೂರಿಸುವ ಫಲಕದ ತೂತು ಕೊಪಾಲ್ 0 ಷಟರಿಗಾದರೆ ಸುಮಾರು 35 ಮಿ.ಮೀ., ಕೊಪಾಲ್ 1ಕ್ಕೆ ಸುಮಾರು 42. ವಿಶಾಲಕೋನದ ಹಿಂದಿನ ಗುಂಪು ಹಲವು ಬಾರಿ ಈ ತೂತಿಗಿಂತ ದಪ್ಪ. ಆದ್ದರಿಂದ ಅದನ್ನು ಬಿಚ್ಚಿ, ಷಟರನ್ನು ಫಲಕಕ್ಕೆ ಬಿಗಿದು, ಆಮೇಲೆ ಹಿಂದಿನಿಂದ ಮತ್ತೆ ಸೇರಿಸುವುದು ಕ್ರಮ.

ಮೊದಲು ನೋಡಬೇಕಾದದ್ದು ಬಿಂಬವೃತ್ತ, ಅಂದರೆ ಲೆನ್ಸ್ ಸ್ಪಷ್ಟವಾಗಿ ಮೂಡಿಸುವ ದುಂಡು ಚಿತ್ರದ ವ್ಯಾಸ. 100 ಡಿಗ್ರಿಯ 47 ಮಿ.ಮೀ. ಎಫ್/8 ಲೆನ್ಸಿಗೆ ಅದು 112 ಮಿ.ಮೀ. 6×9ರ 101 ಮಿ.ಮೀ. ಕರ್ಣಕ್ಕೆ ಸಾಕು, ಅಷ್ಟೆ, ಸರಿಸಾಡಲು ಎಡೆಯಿಲ್ಲ. ಎಫ್/5.6 ಆವೃತ್ತಿಗೆ 123 ಮಿ.ಮೀ. ಇದೆ, ಪ್ರೊಶಿಫ್ಟ್ ಸಾಧ್ಯವಾದದ್ದು ಈ ಹೆಚ್ಚುವರಿಯಿಂದ. ಆದರೆ 6×12ರ ಕರ್ಣ 125 ಮಿ.ಮೀ., ಆ ಲೆನ್ಸಿಗೆ ಮೂಲೆಗಳು ಸ್ವಲ್ಪದರಲ್ಲಿ ತಪ್ಪುತ್ತವೆ. 6×17ಕ್ಕೆ ಬೇಕಾದ 177 ಮಿ.ಮೀ. ವೃತ್ತವನ್ನು 65 ಮಿ.ಮೀ. ಎಫ್/8 ಕೂಡ ಕೊಡಲಾರದು. 1976ರ ಲಿನ್‌ಹಾಫ್ ಟೆಕ್ನೊರಾಮಾ 617ಕ್ಕೆ 90 ಮಿ.ಮೀ. ಲೆನ್ಸ್ ಆರಿಸಿದ್ದು ಇದೇ ಲೆಕ್ಕದಿಂದ ಅರ್ಥವಾಗುತ್ತದೆ.

ಎರಡನೆಯದು ದೂರ. ಲೆನ್ಸ್ ಫಿಲ್ಮಿನಿಂದ ಇರಬೇಕಾದ್ದಕ್ಕಿಂತ 0.1 ಮಿ.ಮೀ. ಮುಂದಿದ್ದರೆ ಏನಾಗುತ್ತದೆ? 90 ಮಿ.ಮೀ. ಲೆನ್ಸಿನ ಅಳತೆಪಟ್ಟಿ ಅನಂತ ಎಂದು ತೋರಿಸುವಾಗ ನಿಜವಾದ ಫೋಕಸ್ ಸುಮಾರು 81 ಮೀಟರಿನಲ್ಲಿರುತ್ತದೆ. ಬಹುಪಾಲು ಜನರಿಗೆ ಗೊತ್ತೂ ಆಗದು. 47 ಮಿ.ಮೀ. ಲೆನ್ಸಿನಲ್ಲಿ ಅದೇ ತಪ್ಪು ಫೋಕಸನ್ನು 22 ಮೀಟರಿಗೆ ಎಳೆಯುತ್ತದೆ, 38 ಮಿ.ಮೀ. ಲೆನ್ಸಿನಲ್ಲಿ 14 ಮೀಟರಿಗೆ. ತಪ್ಪು ಅರ್ಧ ಮಿಲಿಮೀಟರಾದರೆ 47 ಮಿ.ಮೀ. ಲೆನ್ಸ್ ನಾಲ್ಕೂವರೆ ಮೀಟರಿನಾಚೆಗೆ ಹೋಗುವುದೇ ಇಲ್ಲ. ಲೆನ್ಸಿನೊಳಗೆ ಬೆಳಕು ಹಾಯುವ ರಂಧ್ರ ಕಿರಿದಾಗಿದ್ದರೆ ಅದು ಈ ತಪ್ಪನ್ನು ಒಂದು ಮಟ್ಟಿಗೆ ಮರೆಮಾಚುತ್ತದೆ. ಫಿಲ್ಮಿನ ಮೇಲೆ 0.05 ಮಿ.ಮೀ.ವರೆಗಿನ ಮಬ್ಬು ಸಹ್ಯ ಎಂದುಕೊಂಡರೆ ಎಫ್/8ರಲ್ಲಿ ಎರಡೂ ಕಡೆ 0.4 ಮಿ.ಮೀ. ಸಡಿಲ ಸಿಗುತ್ತದೆ, ಎಫ್/16ರಲ್ಲಿ ಅದರ ಇಮ್ಮಡಿ. ಹಳೆಯ ಎಫ್/8 ಲೆನ್ಸ್‌ಗಳು ಕಣ್ಣಂದಾಜಿನ ಫೋಕಸಿನಲ್ಲೂ ಒಳ್ಳೆಯ ಚಿತ್ರ ಕೊಟ್ಟದ್ದರ ಗುಟ್ಟು ಇಷ್ಟೇ.

ದೂರವನ್ನು ಹೊಂದಿಸುವ ಸಾಧನ ಹೆಲಿಕಾಯ್ಡ್, ಅಂದರೆ ತಿರುಗಿಸಿದಂತೆ ಲೆನ್ಸನ್ನು ಹಿಂದೆ ಮುಂದೆ ಒಯ್ಯುವ ಸುರುಳಿ ಉಂಗುರ. ಲೆನ್ಸ್ ಬೇಕಾದ್ದಕ್ಕಿಂತ ಹಿಂದೆ ಕೂತಿದ್ದರೆ ಹೆಲಿಕಾಯ್ಡ್ ತುಸು ಹೊರಗೆ ಬಂದಾಗ ಅನಂತ ಸಿಗುತ್ತದೆ. ಪಟ್ಟಿಯ ಅಂಕಿ ಸುಳ್ಳಾಗುತ್ತದೆ, ಚಿತ್ರ ಕೆಡುವುದಿಲ್ಲ. ಮುಂದೆ ಕೂತಿದ್ದರೆ ಅನಂತ ಎಂದಿಗೂ ಸಿಗದು, ಲೋಹ ಅರೆಯುವುದೊಂದೇ ಉಳಿದ ದಾರಿ. ಆದ್ದರಿಂದ ಅನುಭವಿಗಳು ಫಲಕವನ್ನು ಬೇಕೆಂದೇ ಕೊಂಚ ತೆಳ್ಳಗೆ ಮಾಡಿಸಿ, ಆಮೇಲೆ ತೆಳು ಬಳೆಗಳನ್ನು ಒಂದೊಂದಾಗಿ ಪೇರಿಸಿ ದೂರ ಕೂಡಿಸುತ್ತಾರೆ. ಒಂದು ಕ್ಯಾಮೆರಾದ ಲೆನ್ಸನ್ನು ಇನ್ನೊಂದಕ್ಕೆ ಅಡಾಪ್ಟರ್ ಮೂಲಕ ಹಾಕುವಾಗಲೂ ಇದೇ ನಿಯಮ: ಹೆಚ್ಚು ದೂರಕ್ಕೆ ಮಾಡಿದ ಲೆನ್ಸ್ ಕಡಿಮೆ ದೂರದ ಒಡಲಿಗೆ ಒಗ್ಗುತ್ತದೆ, ತಿರುಗುಮುರುಗಾಗಿ ಒಗ್ಗದು.

ಪರೀಕ್ಷಿಸಲು ಹಿಂಬದಿ ತೆರೆದು, ಫಿಲ್ಮ್ ಒರಗುವ ಹಳಿಗಳ ಮೇಲೆ ಮಬ್ಬುಗಾಜನ್ನು ಇಡಬೇಕು. ಉಜ್ಜಿದ ಮೈ ಲೆನ್ಸಿನ ಕಡೆಗಿರಬೇಕು. ತಿರುಗಿಸಿಟ್ಟರೆ ಗಾಜಿನ ದಪ್ಪವೇ ಲೆಕ್ಕ ಕೆಡಿಸುತ್ತದೆ. ಷಟರನ್ನು ತೆರೆದಿಟ್ಟು, ರಂಧ್ರವನ್ನು ಪೂರ್ತಿ ಹಿಗ್ಗಿಸಿ, ಭೂತಗಾಜಿನಿಂದ ನೋಡುತ್ತ ದೂರದ ಗೋಪುರವನ್ನೋ ಮೊಬೈಲ್ ಟವರನ್ನೋ ಚೂಪಾಗಿಸುವುದು. 47 ಮಿ.ಮೀ. ಲೆನ್ಸಿಗೆ ನೂರು ಮೀಟರಿನಾಚೆಯದ್ದೆಲ್ಲ ಅನಂತವೇ, ಏಕೆಂದರೆ ವ್ಯತ್ಯಾಸ 0.02 ಮಿ.ಮೀ. ಮಾತ್ರ. ರಿಪೇರಿ ಅಂಗಡಿಗಳಲ್ಲಿ ಈ ಕೆಲಸಕ್ಕೆ ಕಾಲಿಮೇಟರ್, ಅಂದರೆ ಅನಂತದ ಗುರಿಯನ್ನು ಮೇಜಿನ ಮೇಲೇ ಒದಗಿಸುವ ಉಪಕರಣ, ಇರುತ್ತದೆ. ಸೂಪರ್ ವೈಡ್‌ನಂಥ ಕ್ಯಾಮೆರಾದ ಲೆನ್ಸ್ ಬಿಚ್ಚಿದರೆ ಅದಿಲ್ಲದೆ ಮತ್ತೆ ಜೋಡಿಸುವುದು ಸರಿಯಲ್ಲ.

ಅಂಚಿನ ಕತ್ತಲು

ಓರೆಯಾಗಿ ಬರುವ ಬೆಳಕು ಕೋನದ ಕೊಸೈನಿನ ನಾಲ್ಕನೆಯ ಘಾತದಂತೆ ಕುಂದುತ್ತದೆ. ಚಿತ್ರದ ಮೂಲೆ 45 ಡಿಗ್ರಿಯಲ್ಲಿದ್ದರೆ ಅಲ್ಲಿಗೆ ತಲುಪುವುದು ನಡುವಿನ ಕಾಲುಪಾಲು, ಅಂದರೆ ಎರಡು ಸ್ಟಾಪ್ ಕಡಿಮೆ. ರೂಸಿನೊವ್ ತೋರಿದ ರಚನೆಯಿಂದ ಇದು ಮೂರನೆಯ ಘಾತದ ಸಮೀಪಕ್ಕೆ ಇಳಿದು, ನಷ್ಟ ಒಂದೂವರೆ ಸ್ಟಾಪಿಗೆ ತಗ್ಗುತ್ತದೆ. ಉಳಿದದ್ದಕ್ಕೆ ನಡುವೆ ಕಪ್ಪಾಗಿ ಅಂಚಿಗೆ ತಿಳಿಯಾಗುವ ಸೆಂಟರ್ ಫಿಲ್ಟರ್ ಇದೆ. ಹೈಪರ್ಗಾನಿನ ನಕ್ಷತ್ರಚಕ್ರ ಮಾಡುತ್ತಿದ್ದ ಕೆಲಸವೇ. ಲೆನ್ಸ್ ಬದಲಿಸಿದರೆ ಈ ಫಿಲ್ಟರನ್ನೂ ಬದಲಿಸಬೇಕು, ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ. ಕಪ್ಪು ಬಿಳುಪು ನೆಗೆಟಿವ್‌ನಲ್ಲಿ ಫಿಲ್ಟರ್ ಇಲ್ಲದೆಯೂ ನಡೆಯುತ್ತದೆ, ಪ್ರಿಂಟ್ ಮಾಡುವಾಗ ಅಂಚಿನ ಬೆಳಕನ್ನು ತಿದ್ದಬಹುದು. ಕಲರ್ ಸ್ಲೈಡ್ ಫಿಲ್ಮ್ ಆ ಔದಾರ್ಯ ತೋರುವುದಿಲ್ಲ.

ಹಳೆಯ ಗಾಜಿನ ಕಾಯಿಲೆಗಳು

ಬದಲಿಗೆಂದು ಕೊಳ್ಳುವ ಲೆನ್ಸ್ ಅರ್ಧ ಶತಮಾನದಷ್ಟು ಹಳೆಯದಿರಬಹುದು. ನಿಧಾನ ವೇಗಗಳಲ್ಲಿ ಷಟರ್ ತಡವರಿಸಿದರೆ ಒಳಗಿನ ಗ್ರೀಸ್ ಒಣಗಿದೆ ಎಂದರ್ಥ. ಷ್ನೈಡರ್ ಲೆನ್ಸ್‌ಗಳ ಒಳ ಅಂಚಿನಲ್ಲಿ ಬಿಳಿ ಚುಕ್ಕೆ ಕಂಡರೆ ಗಾಜಿನ ಪಕ್ಕದ ಕಪ್ಪು ಬಣ್ಣ ಎದ್ದಿದೆ. ನೋಡಲು ಕೆಟ್ಟದಾದರೂ ಚಿತ್ರಕ್ಕೆ ಆಗುವ ಹಾನಿ ಅಲ್ಪ. ಬೂಷ್ಟು ಹಾಗಲ್ಲ. ಅದು ಲೇಪನವನ್ನು ತಿಂದು ಗಾಜಿನಲ್ಲಿ ಶಾಶ್ವತ ಗೆರೆ ಬಿಡುತ್ತದೆ. ಕರಾವಳಿ, ಮಲೆನಾಡುಗಳ ಮಳೆಗಾಲ ಅದಕ್ಕೆ ಹಬ್ಬ. ಚರ್ಮದ ಚೀಲದಲ್ಲಿ ಮುಚ್ಚಿಡದೆ, ಶೇ 40ರಿಂದ 50ರ ತೇವಾಂಶದ ಒಣ ಪೆಟ್ಟಿಗೆಯಲ್ಲಿ ಇಡುವುದು ಸೂಕ್ತ. ಲೆನ್ಸಿನ ಗುಂಪುಗಳನ್ನು ಷಟರಿನಿಂದ ಬಿಚ್ಚಬಹುದಾದ ಕ್ಯಾಮೆರಾಗಳಲ್ಲಿ ಒಳಮೈ ಒರೆಸುವುದು ಸುಲಭ, ಮತ್ತೆ ಪೂರ್ತಿ ಬಿಗಿದರೆ ಅವು ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತವೆ.

ಫಿಲ್ಮಿನ ಮೇಲಿನ ಪರೀಕ್ಷೆ

ಮಬ್ಬುಗಾಜು ಎಷ್ಟೇ ಚಪ್ಪಟೆಯಾಗಿದ್ದರೂ ಸುರುಳಿ ಫಿಲ್ಮ್ ಅಷ್ಟು ಚಪ್ಪಟೆಯಾಗಿ ನಿಲ್ಲುವುದಿಲ್ಲ. ಮ್ಯಾಗಜಿನಿನ ರೋಲರಿಗೆ ಸುತ್ತಿಕೊಂಡು ರಾತ್ರಿಯಿಡೀ ನಿಂತ ಫಿಲ್ಮಿನಲ್ಲಿ ಗುಬುಟು ಉಳಿಯುತ್ತದೆ, ಮರುದಿನದ ಮೊದಲ ಚಿತ್ರದಲ್ಲಿ ಒಂದು ಪಟ್ಟಿ ಮಸುಕಾಗುತ್ತದೆ. ಆದ್ದರಿಂದ ಹೊಸದಾಗಿ ಕೂರಿಸಿದ ಲೆನ್ಸನ್ನು ಒಂದು ರೋಲ್ ಪೂರ್ತಿ ಒಂದೇ ಸಲ ಖರ್ಚುಮಾಡಿ ನೋಡಬೇಕು: ಮುಕ್ಕಾಲಿಯ ಮೇಲೆ, ರಂಧ್ರ ಪೂರ್ತಿ ತೆರೆದು, ದೂರದ ಕಟ್ಟಡಸಾಲಿನ ಕಡೆಗೆ, ಅನಂತದ ಗುರುತಿನಲ್ಲಿ ಒಂದು, ಅದರ ಆಚೀಚೆ ಒಂದೊಂದು. ನೆಗೆಟಿವನ್ನು ಭೂತಗಾಜಿನಡಿ ಇಟ್ಟರೆ ರೋಗ ಗೊತ್ತಾಗುತ್ತದೆ. ಚಿತ್ರ ಪೂರ್ತಿ ಸಮನಾಗಿ ಮಸುಕಾಗಿದ್ದರೆ ಲೆನ್ಸಿನ ದೂರ ತಪ್ಪಿದೆ. ಎಡಗಡೆ ಚೂಪು, ಬಲಗಡೆ ಮಸುಕು ಎಂದಿದ್ದರೆ ಫಲಕ ವಾಲಿದೆ. ನಡು ಒಂದು ಕಡೆ, ಅಂಚೆಲ್ಲ ಇನ್ನೊಂದು ಕಡೆ ಫೋಕಸ್ ಆಗಿದ್ದರೆ ಗಾಜಿನ ಗುಂಪುಗಳ ಅಂತರವನ್ನೋ ಫಿಲ್ಮಿನ ಬಾಗನ್ನೋ ಶಂಕಿಸಬೇಕು, ಅದನ್ನು ಬೇರೆ ಮ್ಯಾಗಜಿನ್ ಹಾಕಿ ಬೇರ್ಪಡಿಸಿ ನೋಡಬಹುದು.